ಕರೆಂಟು ಬಂದರೂ ಎದ್ದೇಳದ ಮಷೀನು

ಮಂಗಳೂರಲ್ಲಿ ಜೂನ್ ತಿಂಗಳಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಆದರೆ ಕಳೆದ ಮಳೆಗಾಲದ ಒಂದು ಶನಿವಾರ ಕರೆಂಟು ವಾಪಸ್ ಬಂದ ಕ್ಷಣವನ್ನು ನಾನು ಮರೆಯುವ ಹಾಗಿಲ್ಲ.

ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವ ನನಗೆ ಮರಗೆಲಸದ ಹುಚ್ಚು. ಹಳೇ ಹೆಂಚಿನ ಮನೆ ಕೆಡವಿದಾಗ ಸಿಗುವ ಹಲಸಿನ ಪಕ್ಕಾಸು, ಹಲಗೆ ತಂದು ಮಣೆ, ಸ್ಟೂಲು ಮಾಡುತ್ತೇನೆ. ಮನೆ ಹಿಂದಿನ ಶೀಟಿನ ಮಾಡಿನಡಿ ಒಂದು ಸೆಕೆಂಡ್‌ಹ್ಯಾಂಡ್ ಮಷೀನಿದೆ. ಒಂದೇ 2 ಎಚ್‌ಪಿ ಮೋಟಾರಿನಲ್ಲಿ ಕೊಯ್ಯುತ್ತದೆ, ಕೀಸುತ್ತದೆ, ತೂತೂ ಕೊರೆಯುತ್ತದೆ. ಅದಕ್ಕೆ ಹೊಸ ಕಾರ್ಬೈಡ್ ಬ್ಲೇಡು, ಹೊಸ ಬೆಲ್ಟು ಎಲ್ಲ ಹಾಕಿಸಿದ್ದೆ. ಸ್ವಿಚ್ಚು ಮಾತ್ರ ಮನೆಯ ಫ್ಯಾನಿಗೆ ಇರುವಂಥದ್ದೇ.

ಆ ದಿನ ಹಲಗೆ ಕೊಯ್ಯುವಾಗ ಕರೆಂಟು ಹೋಯಿತು. ಬ್ಲೇಡಿನ ಪಕ್ಕ ಒಂದು ಸಿಬಿರು ಸಿಕ್ಕಿಕೊಂಡಿತ್ತು. ನಾನು ಸ್ವಿಚ್ ಆಫ್ ಮಾಡಲು ಮರೆತು ಟಾರ್ಚ್ ಹುಡುಕಲು ಹೋದೆ. ವಾಪಸ್ ಬರುವಾಗ ಅಪ್ಪ ಬೆರಳು ಹಾಕಿ ಸಿಬಿರು ಎಳೆದು ತೆಗೆದಿದ್ದರು. "ಇದಾ ನೋಡು" ಎಂದು ತೋರಿಸುವಷ್ಟರಲ್ಲಿ ಮಷೀನು ಗುಂಯ್ ಎಂದಿತು. ಅಪ್ಪನ ಕೈ ಬ್ಲೇಡಿನಿಂದ ಒಂದು ಗೇಣು ದೂರ ಬಂದಿತ್ತು, ಅಷ್ಟೆ.

ರಾತ್ರಿ ನಿದ್ದೆ ಬರಲಿಲ್ಲ, ಲೆಕ್ಕ ಹಾಕಿದೆ. ಮೋಟಾರು ನಿಮಿಷಕ್ಕೆ 1440 ಸುತ್ತು. ಪುಲ್ಲಿ ಅದನ್ನು 2880 ಮಾಡುತ್ತದೆ. 10 ಇಂಚಿನ ಬ್ಲೇಡಿನ ಹಲ್ಲು ಓಡುವ ವೇಗ ಗಂಟೆಗೆ ಸುಮಾರು 138 ಕಿ.ಮೀ. ಆಫೀಸಲ್ಲಿ ಸರ್ವರ್ ಬಿದ್ದರೆ ತಾನಾಗೇ ಎದ್ದೇಳುವ ಹಾಗೆ ಕೋಡ್ ಬರೆಯುವವನು ನಾನು. ಇಲ್ಲಿ ಬೇಕಿದ್ದದ್ದು ತದ್ವಿರುದ್ಧ.

ಪರಿಚಯದ ಆಚಾರ್ರ ಹತ್ತಿರ ಹೇಳಿದೆ. "ಬ್ಲೇಡಿಗೆ ದುಡ್ಡು ಹಾಕ್ತೀರಿ, ಸ್ವಿಚ್ಚಿಗೆ ಹಾಕುದಿಲ್ಲ ಅಲ್ವಾ ಮಾರಾಯ್ರೆ?" ಎಂದರು. ಅವರ ಎಡಗೈ ತೋರುಬೆರಳಿಗೆ ತುದಿ ಇಲ್ಲ. ಮುಂದೆ ನಾನೇನೂ ಕೇಳಲಿಲ್ಲ.

ಪರಿಹಾರ ನಮ್ಮ ಅಡಿಕೆ ತೋಟಗಳಲ್ಲೇ ಇತ್ತು: ಪಂಪಿಗೆ ಹಾಕುವ ಹಸಿರು-ಕೆಂಪು ಬಟನ್ನಿನ ಸ್ಟಾರ್ಟರ್. ಒಳಗಿನ ಕಾಯಿಲ್ ಕರೆಂಟ್ ಇರುವಷ್ಟು ಹೊತ್ತು ಮಾತ್ರ ಸಂಪರ್ಕ ಹಿಡಿದಿಡುತ್ತದೆ. ಕರೆಂಟು ಹೋದರೆ ಬಿಟ್ಟುಬಿಡುತ್ತದೆ, ಮತ್ತೆ ಹಸಿರು ಒತ್ತುವ ತನಕ ಮೋಟಾರು ಓಡುವುದಿಲ್ಲ. ಬಂದರಿನ ಅಂಗಡಿಯಲ್ಲಿ ಸಿಂಗಲ್ ಫೇಸಿನದ್ದು ಸಿಕ್ಕಿತು. ತಾನಾಗೇ ಚಾಲೂ ಆಗುವ 'ಆಟೋ' ಮಾದರಿ ಮಾತ್ರ ಮರದ ಮಷೀನಿಗೆ ಬೇಡವೇ ಬೇಡ. ಎಲೆಕ್ಟ್ರಿಷಿಯನ್‌ರಿಂದಲೇ ಹಾಕಿಸಿ, ಅರ್ಥಿಂಗ್ ಸರಿಮಾಡಿಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿಯನ್ನೂ ಕೂರಿಸಿದೆ.

ಬ್ಲೇಡಿನ ಹಿಂದೆ ರೈವಿಂಗ್ ನೈಫ್ ಎಂಬ ಉಕ್ಕಿನ ಪಟ್ಟಿಯೂ ಬಂತು. ಕೊಯ್ದ ಸೀಳು ಮತ್ತೆ ಮುಚ್ಚಿಕೊಂಡು ಬ್ಲೇಡನ್ನು ಹಿಡಿದರೆ ಹಲಗೆ ನಮ್ಮ ಕಡೆಗೇ ಹಾರುತ್ತದೆ. ಈ ಪಟ್ಟಿ ಅದನ್ನು ತಡೆಯುತ್ತದೆ. ಸಣ್ಣ ತುಂಡು ತಳ್ಳಲು ಬೆರಳಿನ ಬದಲು ಕೋಲು. ಗ್ಲೌಸ್ ಹಾಕುವುದಿಲ್ಲ, ಬ್ಲೇಡು ಅದನ್ನು ಕೈ ಸಮೇತ ಎಳೆದುಕೊಳ್ಳುತ್ತದೆ.

ನೀವೂ ಯೂಟ್ಯೂಬ್ ನೋಡಿ ಮಷೀನ್ ತರುವ ಯೋಚನೆಯಲ್ಲಿದ್ದರೆ, ಮೊದಲ ಖರ್ಚು ಸ್ವಿಚ್ಚಿಗೇ ಇರಲಿ.

ಈ ಸಲದ ಮೊದಲ ಮಳೆಗೂ ಕೆಲಸದ ಮಧ್ಯೆ ಕರೆಂಟು ಹೋಯಿತು. ಚಾ ಕುಡಿಯುತ್ತಾ ಕಾದೆವು. ಬಂದಾಗ ಬಲ್ಬು ಹತ್ತಿತು, ಫ್ಯಾನ್ ತಿರುಗಿತು, ಮಷೀನು ಸುಮ್ಮನಿತ್ತು.

"ಇನ್ನು ಆ ಸಿಬಿರು ತೆಗೀಲಿಕ್ಕಾಗ್ತದಲ್ಲ?" ಎಂದರು ಅಪ್ಪ.

"ನಿಲ್ಲಿ ಅಪ್ಪ, ಮೊದಲು ಪ್ಲಗ್ ತೆಗೀತೇನೆ."