ದ್ರಾಕ್ಷಿತೋಟದ ದಾರಿಯಲ್ಲಿ ಕರೆಂಟು ಸೈಕಲ್

ಕಳೆದ ಓಣಂ ರಜೆಯಲ್ಲಿ ನನ್ನ ಹಳೆ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಜರ್ಮನಿಯ ಮ್ಯೂನಿಕ್‌ನಲ್ಲಿ ಅವನಿಗೆ ಉದ್ಯೋಗ. ಚಹಾ ಕುಡಿಯುತ್ತಾ ಚೀಲದಿಂದ ಒಂದು ಬಣ್ಣದ ಪುಸ್ತಿಕೆ ತೆಗೆದು ಮೇಜಿನ ಮೇಲಿಟ್ಟ. "ಮಾಸ್ಟ್ರೇ, ಬರುವ ವರ್ಷ ಇದಕ್ಕೆ ಹೋಗುವುದು ಅಂತ ಇದ್ದೇನೆ. ಕರೆಂಟು ಸೈಕಲ್‌ನಲ್ಲಿ ಒಂದು ವಾರ" ಎಂದ. ಪುಸ್ತಿಕೆಯ ಮೇಲಿನ ಚಿತ್ರ ನೋಡಿ ನಾನು ಚಹಾದ ಲೋಟ ಕೆಳಗಿಟ್ಟೆ. ಸುತ್ತ ಹಿಮದ ಬೆಟ್ಟಗಳು, ನಡುವೆ ನೀಲಿ ಸರೋವರ, ಆ ಸರೋವರದ ನೀರಿನಿಂದ ಇಗರ್ಜಿಯ ಗಂಟೆಗೋಪುರವೊಂದು ನೆಟ್ಟಗೆ ಎದ್ದು ನಿಂತಿದೆ. ಇಗರ್ಜಿ ಇಲ್ಲ, ಊರಿಲ್ಲ, ಗೋಪುರ ಮಾತ್ರ. ದಡದಲ್ಲಿ ತಲೆಗೆ ಶಿರಸ್ತ್ರಾಣ ತೊಟ್ಟ ನಾಲ್ವರು ಸವಾರರು ನಗುತ್ತಾ ನಿಂತಿದ್ದಾರೆ.

"ಈ ಗೋಪುರ ಏನು?" ಎಂದು ಕೇಳಿದೆ. ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಪುಸ್ತಿಕೆಯಲ್ಲಿ ಅದರ ಬಗ್ಗೆ ಇದ್ದದ್ದು ಒಂದೇ ಸಾಲು: ಚಿತ್ರ ತೆಗೆಯಲು ಹದಿನೈದು ನಿಮಿಷ ನಿಲುಗಡೆ. ಮೇಷ್ಟರ ಬುದ್ಧಿ ಎಲ್ಲಿ ಬಿಡುತ್ತದೆ! ಅಂದಿನಿಂದ ಆ ದಾರಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ನಾನು ಆ ನಾಡನ್ನು ಕಣ್ಣಾರೆ ಕಂಡವನಲ್ಲ ಎಂಬುದನ್ನು ವಾಚಕರಿಗೆ ಮೊದಲೇ ಹೇಳಿಬಿಡುತ್ತೇನೆ.

ಸವಾರಿಯ ವೈಖರಿ

ಇಟಲಿಯ ಉತ್ತರದ ಅಂಚಿನಲ್ಲಿ, ಆಸ್ಟ್ರಿಯಾದ ಗಡಿಗೆ ತಾಗಿ, ಆಲ್ಪ್ಸ್ ಪರ್ವತಗಳ ಮಡಿಲಲ್ಲಿ ದಕ್ಷಿಣ ಟಿರೋಲ್ ಎಂಬ ಪ್ರಾಂತ್ಯವಿದೆ. ಜನಸಂಖ್ಯೆ ಐದು ಲಕ್ಷ ಚಿಲ್ಲರೆ, ಅಂದರೆ ನಮ್ಮ ಕಾಸರಗೋಡು ಜಿಲ್ಲೆಯ ಅರ್ಧದಷ್ಟೂ ಇಲ್ಲ. 1,500 ಮೀಟರ್ ಎತ್ತರದ ರೆಶನ್ ಕಣಿವೆದಾರಿಯ ಬಳಿ ಹುಟ್ಟುವ ಎಟ್ಶ್ ನದಿ (ಇಟಾಲಿಯನರಿಗೆ ಅದು ಆದಿಜೆ) ಈ ಪ್ರಾಂತ್ಯವನ್ನು ಹಾದು 400 ಕಿಲೋಮೀಟರಿಗಿಂತ ಹೆಚ್ಚು ಹರಿದು ಆಡ್ರಿಯಾಟಿಕ್ ಸಮುದ್ರ ಸೇರುತ್ತದೆ. ಆ ನದಿಯ ದಂಡೆಯುದ್ದಕ್ಕೂ ಸೈಕಲಿಗೆಂದೇ ಮಾಡಿದ ದಾರಿಯಿದೆ. ಮೇಲೆ ರೆಶನ್ ಸರೋವರದಿಂದ ಹೊರಟು, ಸೇಬಿನ ತೋಟಗಳ ವಿನ್ಶ್‌ಗಾವ್ ಕಣಿವೆಯನ್ನು ಇಳಿದು, ಸುಮಾರು 80 ಕಿಲೋಮೀಟರ್ ದೂರದ ಮೆರಾನ್ ಪಟ್ಟಣಕ್ಕೆ, ಅಲ್ಲಿಂದ ರಾಜಧಾನಿ ಬೋಟ್ಸನ್‌ಗೆ, ಕೊನೆಗೆ ದ್ರಾಕ್ಷಿತೋಟಗಳ ನಡುವಿನ ಕಾಲ್ಟರ್ನ್ ಸರೋವರಕ್ಕೆ ಬಂದು ಮುಟ್ಟುವುದು ಪ್ರವಾಸದ ಕ್ರಮ. ಹೊರಟಲ್ಲಿ ಚಳಿ, ಮುಟ್ಟಿದಲ್ಲಿ ಈಜಾಟ. ಕಾಲ್ಟರ್ನ್ ಸರೋವರ ಆಳವಿಲ್ಲದ್ದು; ಆಲ್ಪ್ಸಿನ ಅತಿ ಬೆಚ್ಚಗಿನ ಸರೋವರಗಳಲ್ಲಿ ಅದೂ ಒಂದು.

ಹಣ ಕೊಟ್ಟು ಸೈಕಲ್ ತುಳಿಯುವ ಇಂಥ ಪ್ರವಾಸಗಳು ಹೊಸತೇನೂ ಅಲ್ಲ. 1979ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ 'ಬ್ಯಾಕ್‌ರೋಡ್ಸ್' ಸಂಸ್ಥೆ, ಅದಕ್ಕೂ ಹಿಂದೆ 1966ರಲ್ಲಿ ಕೆನಡಾದಲ್ಲಿ ಹುಟ್ಟಿದ 'ಬಟರ್‌ಫೀಲ್ಡ್ ಆಂಡ್ ರಾಬಿನ್ಸನ್' ಇದನ್ನು ದೊಡ್ಡ ವ್ಯಾಪಾರವಾಗಿ ಬೆಳೆಸಿದವು. ಪೆಟ್ಟಿಗೆ ಹೊರಲು ವ್ಯಾನು, ಮುಂದೊಬ್ಬ ಹಿಂದೊಬ್ಬ ಮಾರ್ಗದರ್ಶಿ, ರಾತ್ರಿ ತಂಗಲು ಕೋಟೆಯಂಥ ಹೋಟೆಲು, ಮಧ್ಯಾಹ್ನ ಮರದ ನೆರಳಲ್ಲಿ ಹಾಸಿದ ಮೇಜು. ಆರೇಳು ದಿನಕ್ಕೆ ತಲೆಗೆ ನಾಲ್ಕೈದು ಸಾವಿರ ಡಾಲರ್ ಮೀರುವುದು ಅಪೂರ್ವವಲ್ಲ. ನಮ್ಮ ಲೆಕ್ಕದಲ್ಲಿ ನಾಲ್ಕೈದು ಲಕ್ಷ ರೂಪಾಯಿಗೆ ಹೋಗುತ್ತದೆ. ನಾನು ಗಂಟೆಗೆ ಒಂದು ರೂಪಾಯಿ ಬಾಡಿಗೆಯ ಸೈಕಲಿನಲ್ಲಿ ಮೊಣಕಾಲು ತರಚಿಕೊಂಡು ಕಲಿತವನು. ಸೈಕಲ್ ತುಳಿಯುವುದಕ್ಕೆ ಇಷ್ಟು ಕೊಡುವವರಿದ್ದಾರೆ ಎಂದರೆ ನನ್ನ ತಾಯಿ ಇಂದಿಗೂ ನಂಬುವುದಿಲ್ಲ.

ಈ ವ್ಯಾಪಾರದ ಗತಿಯನ್ನೇ ಬದಲಿಸಿದ್ದು ಕರೆಂಟು ಸೈಕಲ್. ಜಪಾನಿನ ಯಮಹಾ ಕಂಪೆನಿ 1993ರಲ್ಲಿ ಪೆಡಲಿಗೆ ನೆರವಾಗುವ ಮೋಟಾರಿನ ಸೈಕಲನ್ನು ಮಾರುಕಟ್ಟೆಗೆ ತಂದಿತು. ಇದು ನಮ್ಮ ಪೇಟೆಯಲ್ಲಿ ಓಡುವ ಎಲೆಕ್ಟ್ರಿಕ್ ಸ್ಕೂಟರಿನಂತಲ್ಲ. ಪೆಡಲ್ ತುಳಿದರೆ ಮಾತ್ರ ಮೋಟಾರು ತಿರುಗುತ್ತದೆ. ಕಾಲು ಎಷ್ಟು ಒತ್ತುತ್ತದೆ ಎಂಬುದನ್ನು ಒಂದು ಸಲಕರಣೆ ಅಳೆದು, ಅದಕ್ಕೆ ತಕ್ಕಷ್ಟು ನೆರವು ಕೊಡುತ್ತದೆ. ಬಾವಿಯಿಂದ ನೀರು ಸೇದುವಾಗ ಹಿಂದಿನಿಂದ ಇನ್ನೊಬ್ಬರು ಹಗ್ಗಕ್ಕೆ ಕೈಕೊಟ್ಟ ಹಾಗೆ. ಯುರೋಪಿನ ಕಾನೂನಿನ ಪ್ರಕಾರ ಮೋಟಾರಿನ ನಿರಂತರ ಶಕ್ತಿ 250 ವ್ಯಾಟ್ ಮೀರಬಾರದು, ಗಂಟೆಗೆ 25 ಕಿಲೋಮೀಟರ್ ವೇಗ ಮುಟ್ಟಿದೊಡನೆ ನೆರವು ನಿಲ್ಲಬೇಕು. ಬ್ಯಾಟರಿ ಸಾಮಾನ್ಯವಾಗಿ 500 ವ್ಯಾಟ್-ಅವರ್ ಆಸುಪಾಸಿನದು, ಅಂದರೆ ನಮ್ಮ ಮನೆಯ ಮೀಟರಿನಲ್ಲಿ ಅರ್ಧ ಯೂನಿಟ್. ಸವಾರನೂ ಸೈಕಲೂ ಸೇರಿ ನೂರು ಕಿಲೋ ಭಾರವೆಂದಿಟ್ಟುಕೊಳ್ಳಿ. ಅದನ್ನು ಸಾವಿರ ಮೀಟರ್ ಮೇಲಕ್ಕೇರಿಸಲು ಭೌತಶಾಸ್ತ್ರದ ಲೆಕ್ಕದಲ್ಲಿ ಬೇಕಾದದ್ದು ಕಾಲು ಯೂನಿಟಿಗಿಂತ ತುಸು ಹೆಚ್ಚು. ಉಜ್ಜುವಿಕೆಯ ನಷ್ಟ ಕಳೆದರೂ, ಸವಾರನ ಕಾಲಿನ ಪಾಲು ಸೇರಿದರೆ, ಬೆಟ್ಟ ಹತ್ತುವುದಕ್ಕೆ ಅದು ಸಾಕು. ಹತ್ತನೆಯ ತರಗತಿಯ ಮಕ್ಕಳಿಗೆ ಈ ಲೆಕ್ಕ ಕೊಟ್ಟು ನೋಡಬಹುದು.

ನದಿಯ ದಾರಿ ಇಳಿಜಾರು ತಾನೆ, ಮೋಟಾರು ಯಾಕೆ ಎಂಬ ಪ್ರಶ್ನೆ ಸಹಜ. ದ್ರಾಕ್ಷಿತೋಟಗಳೂ ಕೋಟೆಗಳೂ ಇರುವುದು ನದಿಯ ಬದಿಯಲ್ಲಲ್ಲ, ಬದಿಯ ಗುಡ್ಡಗಳ ಮೇಲೆ. ಹಿಂದೆ ಮೂವತ್ತರ ಗಂಡಾಳುಗಳು ಮಾತ್ರ ಏರುತ್ತಿದ್ದ ಆ ಏರುಗಳನ್ನು ಈಗ ಅರುವತ್ತೈದರ ಅಜ್ಜ ಅಜ್ಜಿಯರು ಮಾತಾಡಿಕೊಂಡು ಏರುತ್ತಾರೆ. ಗಂಡನಿಗೆ ಕಸುವು, ಹೆಂಡತಿಗೆ ಮಂಡಿನೋವು ಇದ್ದರೂ ಇಬ್ಬರೂ ಜೊತೆಯಲ್ಲಿ ಮುಟ್ಟುತ್ತಾರೆ. ಈ ಯಂತ್ರದ ನಿಜವಾದ ಉಪಕಾರ ಇದೇ ಎಂದು ನನಗೆ ತೋರುತ್ತದೆ.

ನೀರಿನೊಳಗಿನ ಊರು

ಈಗ ಗೋಪುರದ ಮಾತಿಗೆ ಬರುತ್ತೇನೆ. ರೆಶನ್ ಸರೋವರ ದೇವರು ಮಾಡಿದ್ದಲ್ಲ, ಅಣೆಕಟ್ಟಿನಿಂದಾದದ್ದು. ಅಲ್ಲಿ ಮೊದಲೇ ಸಣ್ಣ ಸರೋವರಗಳಿದ್ದವು. ಮಾಂಟೆಕಾಟಿನಿ ಎಂಬ ದೊಡ್ಡ ಕಂಪೆನಿ ವಿದ್ಯುತ್ತಿಗಾಗಿ ನೀರಿನ ಮಟ್ಟವನ್ನು 22 ಮೀಟರ್ ಏರಿಸಿತು. 1950ರ ಬೇಸಿಗೆಯಲ್ಲಿ ಗ್ರಾವುನ್ ಎಂಬ ಊರು ಪೂರ್ತಿಯಾಗಿ, ರೆಶನ್ ಊರಿನ ಬಹುಭಾಗ ಮುಳುಗಿದವು. 163 ಮನೆಗಳು, 500 ಹೆಕ್ಟೇರಿಗಿಂತ ಹೆಚ್ಚು ಹೊಲಗದ್ದೆ. ಮನೆಗಳನ್ನೂ ಇಗರ್ಜಿಯನ್ನೂ ಸಿಡಿಸಿ ಕೆಡವಿದರು. ಹದಿನಾಲ್ಕನೆಯ ಶತಮಾನದ ಗಂಟೆಗೋಪುರವನ್ನು ಮಾತ್ರ ಉಳಿಸಿದರು. ಊರವರು ಸುಮ್ಮನಿರಲಿಲ್ಲ. ಅವರ ಪಾದ್ರಿ ಆಲ್ಫ್ರೆಡ್ ರೀಪರ್ ರೋಮಿನವರೆಗೆ ಹೋಗಿ ಪೋಪರಲ್ಲಿ ಮೊರೆಯಿಟ್ಟರು. ಫಲವಾಗಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ನೀರಿನ ಮಟ್ಟ ಏರಿಸುವ ಯೋಜನೆಯ ಪ್ರಕಟಣೆಯನ್ನು ಯುದ್ಧಕಾಲದಲ್ಲಿ ಊರಿನ ಕಚೇರಿಯಲ್ಲಿ ಅಂಟಿಸಲಾಗಿತ್ತಂತೆ. ಆಕ್ಷೇಪವಿದ್ದವರು ಗಡುವಿನೊಳಗೆ ತಿಳಿಸಬಹುದಿತ್ತು. ಆದರೆ ಆ ಪ್ರಕಟಣೆ ಇಟಾಲಿಯನ್ ಭಾಷೆಯಲ್ಲಿತ್ತು. ಊರವರ ಮಾತು ಜರ್ಮನ್. ಓದಲಿಕ್ಕೆ ಬಾರದ್ದರಿಂದ ಯಾರೂ ಆಕ್ಷೇಪ ಸಲ್ಲಿಸಲಿಲ್ಲ. ಗ್ರಾಮ ಕಚೇರಿಯ ಗೋಡೆಯ ಮುಂದೆ ಕಣ್ಣು ಕಿರಿದು ಮಾಡಿಕೊಂಡು ನಿಂತು, ಪಕ್ಕದವರಲ್ಲಿ "ಇದರಲ್ಲಿ ಏನುಂಟು?" ಎಂದು ಕೇಳಿದ ಅನುಭವ ನಮ್ಮ ಜಿಲ್ಲೆಯ ಹಿರಿಯ ಕನ್ನಡಿಗರಲ್ಲಿ ಬಹಳ ಮಂದಿಗೆ ಇದೆ. ಅವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ದಕ್ಷಿಣ ಟಿರೋಲ್ ಶತಮಾನಗಳ ಕಾಲ ಆಸ್ಟ್ರಿಯಾದ್ದಾಗಿತ್ತು. ಮೊದಲನೆಯ ಮಹಾಯುದ್ಧದ ನಂತರ 1919ರ ಒಪ್ಪಂದದಲ್ಲಿ ಇಟಲಿಯ ಪಾಲಾಯಿತು. ಮುಸೊಲಿನಿಯ ಆಡಳಿತ 1923ರಿಂದ ಜರ್ಮನ್ ಶಾಲೆಗಳನ್ನು ಮುಚ್ಚತೊಡಗಿತು. ಎತ್ತೋರೆ ತೊಲೊಮೇಯಿ ಎಂಬಾತ ಸಾವಿರಾರು ಊರು, ಹಳ್ಳ, ಬೆಟ್ಟಗಳಿಗೆ ಇಟಾಲಿಯನ್ ಹೆಸರು ಕಟ್ಟಿದ. ಬೋಟ್ಸನ್ ಬೊಲ್ಜಾನೋ ಆಯಿತು, ಕಾಲ್ಟರ್ನ್ ಕಲ್ದಾರೋ, ಟ್ರಮೀನ್ ತೆರ್ಮೆನೋ, ಗ್ರಾವುನ್ ಕುರೋನ್. ಕೆಲವು ಹೆಸರುಗಳು ಹಿಂದೆಯೂ ಬಳಕೆಯಲ್ಲಿದ್ದವು, ಹೆಚ್ಚಿನವು ಅವನ ಮೇಜಿನಲ್ಲಿ ಹುಟ್ಟಿದವು.

ಶಾಲೆ ಮುಚ್ಚಿದಾಗ ಮೈಕೆಲ್ ಗಾಂಪರ್ ಎಂಬ ಪಾದ್ರಿಯ ಮುಂದಾಳ್ತನದಲ್ಲಿ ಗುಪ್ತ ಶಾಲೆಗಳು ಹುಟ್ಟಿಕೊಂಡವು. ನೆಲಮಾಳಿಗೆಯಲ್ಲಿ, ಅಟ್ಟದಲ್ಲಿ, ತೋಟದ ಮನೆಗಳಲ್ಲಿ ಮಕ್ಕಳು ಎರಡು ಮೂರರ ಗುಂಪಿನಲ್ಲಿ ಬಂದು ಜರ್ಮನ್ ಓದುಬರಹ ಕಲಿಯುತ್ತಿದ್ದರು. ಕಲಿಸುತ್ತಿದ್ದವರು ಬಹುತೇಕ ಹರೆಯದ ಹುಡುಗಿಯರು. ಆಂಗೆಲಾ ನಿಕೊಲೆಟ್ಟಿ ಅವರಲ್ಲೊಬ್ಬಳು. 1905ರಲ್ಲಿ ಹುಟ್ಟಿ, ಕುರ್ಟಾಚ್ ಎಂಬ ಊರಿನಲ್ಲಿ ಗುಟ್ಟಾಗಿ ಕಲಿಸಿ, ಪೊಲೀಸರ ಕೈಗೆ ಸಿಕ್ಕಿ, ಸೆರೆಮನೆ ಕಂಡು, 1930ರಲ್ಲಿ ತನ್ನ 25ನೆಯ ಪ್ರಾಯದಲ್ಲಿ ಕ್ಷಯರೋಗದಿಂದ ತೀರಿಕೊಂಡಳು. ಆ ಕುರ್ಟಾಚ್ ಇರುವುದು ಪುಸ್ತಿಕೆಯವರು ಹೊಗಳುವ 'ದ್ರಾಕ್ಷಾರಸದ ರಸ್ತೆ'ಯಲ್ಲೇ. ಪುಸ್ತಿಕೆಯಲ್ಲಿ ಅವಳ ಹೆಸರಿಲ್ಲ. ಹಾಜರಿ ಪುಸ್ತಕ, ಸಂಬಳ, ಕರಿಹಲಗೆ ಎಲ್ಲ ಇದ್ದೂ ಗೊಣಗುವ ನಮ್ಮಂಥ ಮೇಷ್ಟ್ರುಗಳು ಈ ಹುಡುಗಿಯ ನೆನಪಾದಾಗ ಸ್ವಲ್ಪ ನೆಟ್ಟಗೆ ಕೂರಬೇಕಾಗುತ್ತದೆ.

1939ರಲ್ಲಿ ಹಿಟ್ಲರ್ ಮತ್ತು ಮುಸೊಲಿನಿ ಸೇರಿ ಅಲ್ಲಿಯವರ ಮುಂದೆ ಎರಡು ದಾರಿ ಇಟ್ಟರು: ಊರು ಬಿಟ್ಟು ಜರ್ಮನಿಗೆ ಹೋಗಿ, ಇಲ್ಲವೇ ಭಾಷೆ ಬಿಟ್ಟು ಇಲ್ಲಿರಿ. ಬಹುಸಂಖ್ಯಾತರು ಹೋಗುತ್ತೇವೆಂದು ಬರೆದುಕೊಟ್ಟರು. ಸುಮಾರು 75,000 ಮಂದಿ ನಿಜವಾಗಿ ಹೊರಟೂ ಹೋದರು. ಹೋಗುವವರು, ಉಳಿಯುವವರು ಎಂದು ಒಂದೇ ಮನೆಯ ಅಣ್ಣತಮ್ಮಂದಿರು ಮಾತು ಬಿಟ್ಟ ಕಾಲ ಅದು. 1946ರ ಪ್ಯಾರಿಸ್ ಒಪ್ಪಂದ, ನಂತರ ಬಾಂಬು ಸಿಡಿದ ಕೆಲವು ಕೆಟ್ಟ ವರ್ಷಗಳು, ಆಮೇಲೆ 1972ರ ಸ್ವಾಯತ್ತ ಶಾಸನ. ಇಂದು ಅಲ್ಲಿ ಸರಕಾರಿ ಕೆಲಸಕ್ಕೆ ಸೇರುವವನು ಎರಡೂ ಭಾಷೆಯ ಪರೀಕ್ಷೆ ಪಾಸಾಗಬೇಕು. ಜರ್ಮನ್ ಮಕ್ಕಳಿಗೆ ಜರ್ಮನ್ ಶಾಲೆ, ಅದರಲ್ಲಿ ಇಟಾಲಿಯನ್ ಕಡ್ಡಾಯ. ಇಟಾಲಿಯನ್ ಶಾಲೆಯಲ್ಲಿ ಜರ್ಮನ್ ಕಡ್ಡಾಯ. ಸೈಕಲ್ ದಾರಿಯ ಕೈಕಂಬಗಳಲ್ಲೂ ಎರಡು ಹೆಸರು. ಹೊಸದುರ್ಗಕ್ಕೆ ಹೋಗಿ ಕಾಞಂಗಾಡಿನಲ್ಲಿ ಬಸ್ಸಿಳಿಯುವ ನಮಗೆ ಅದರಲ್ಲಿ ಗಲಿಬಿಲಿಯೇನೂ ಆಗಲಾರದು.

ತೋಟಗಳು, ನೀರು, ಮದ್ದು

ಸರೋವರದ ನೀರು ಕೊಳವೆಯಲ್ಲಿ ಇಳಿದು ಗ್ಲುರ್ನ್ಸ್ ಮತ್ತು ಕಾಸ್ಟೆಲ್‌ಬೆಲ್ ಎಂಬಲ್ಲಿ ವಿದ್ಯುತ್ತಾಗುತ್ತದೆ. ಪ್ರಾಂತ್ಯದ ವಿದ್ಯುತ್ ಬಹುಮಟ್ಟಿಗೆ ಜಲವಿದ್ಯುತ್ತೇ. ಹೋಟೆಲಿನಲ್ಲಿ ರಾತ್ರಿ ಸೈಕಲಿನ ಬ್ಯಾಟರಿಗೆ ತುಂಬುವ ಅರ್ಧ ಯೂನಿಟ್‌ನಲ್ಲಿ ಗ್ರಾವುನ್ ಊರಿನ ಮೇಲೆ ನಿಂತ ನೀರಿನ ಪಾಲೂ ಇದ್ದೀತು.

ವಿನ್ಶ್‌ಗಾವ್ ಒಣ ಕಣಿವೆ. ವರ್ಷಕ್ಕೆ 500 ಮಿಲ್ಲಿಮೀಟರ್ ಆಸುಪಾಸು ಮಳೆ. ನಮ್ಮಲ್ಲಿ ಅದು ಜೂನ್ ಒಂದೇ ತಿಂಗಳಲ್ಲಿ ಸುರಿದು ಹೋಗುತ್ತದೆ. ಆದ್ದರಿಂದ ಅಲ್ಲಿಯ ರೈತರು ಬೆಟ್ಟದ ಹಿಮನೀರನ್ನು ಮೈಲಿಗಟ್ಟಲೆ ದೂರ ತರುವ ತೋಡುಗಳನ್ನು ಮಧ್ಯಯುಗದಲ್ಲೇ ಕಡಿದಿದ್ದರು. 'ವಾಲ್' ಎಂದು ಅವಕ್ಕೆ ಹೆಸರು. ಕಾಯಲು ಒಬ್ಬ ಆಳು. ತೋಡಿನಲ್ಲಿ ನೀರಿನ ಚಕ್ರವೊಂದು ತಿರುಗಿ ಗಂಟೆ ಬಡಿಯುತ್ತಿರುತ್ತದೆ. ಸದ್ದು ನಿಂತರೆ ಎಲ್ಲೋ ನೀರು ಕಟ್ಟಿದೆ ಎಂದು ಕಾವಲಿನವನು ಎದ್ದು ಓಡಬೇಕು. ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು ತೊಟ್ಟಿಕ್ಕುವ ನೀರಿನಿಂದ ತೋಟ ಮಾಡಿದ ನಮ್ಮ ಹಿರಿಯರಿಗೆ ಈ ಗಂಟೆಯ ಉಪಾಯ ಬಹಳ ಹಿಡಿಸುತ್ತಿತ್ತು.

ಸೇಬಿನ ಮಾತಿಗೆ ಬಂದರೆ ಇನ್ನೊಂದು ಮುಖ ಕಾಣುತ್ತದೆ. ಸುಮಾರು 18,000 ಹೆಕ್ಟೇರಿನಲ್ಲಿ ಸಾಲು ಸಾಲು ಗಿಡ. ಇಟಲಿಯ ಸೇಬಿನಲ್ಲಿ ಅರ್ಧದಷ್ಟು ಇಲ್ಲಿಯದೇ. ಇಷ್ಟು ಸೇಬಿಗೆ ಮದ್ದು ಸಿಂಪಡಿಸುವುದೂ ಅಷ್ಟೇ ಬಿರುಸು. ಮೇಲಿನ ಕಣಿವೆಯ ಮಾಲ್ಸ್ ಎಂಬ ಸಣ್ಣ ಪಂಚಾಯತು 2014ರಲ್ಲಿ ಜನಮತ ಪಡೆಯಿತು: ನಮ್ಮಲ್ಲಿ ಕೀಟನಾಶಕ ಬೇಕೇ ಬೇಡವೇ? ಮತ ಹಾಕಿದವರಲ್ಲಿ ಮುಕ್ಕಾಲು ಮಂದಿ ಬೇಡವೆಂದರು. ಪಂಚಾಯತು ನಿಯಮ ಮಾಡಿತು, ನ್ಯಾಯಾಲಯ ಅದನ್ನು ರದ್ದು ಮಾಡಿತು. ಮದ್ದಿನ ವಿರುದ್ಧ ಬರೆದವರ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಲಾಯಿತು, ಕೊನೆಗೆ ಖುಲಾಸೆಯಾಯಿತು. ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದುದನ್ನು ಕಂಡ, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸುವವರೆಗೆ ಕಾದ, ಈಗಲೂ ಮನೆಯೊಳಗೆ ಮಲಗಿರುವ ಮಕ್ಕಳನ್ನು ನೋಡಿಕೊಳ್ಳುತ್ತಿರುವ ಜಿಲ್ಲೆಯವರು ನಾವು. "ಸೇಬಿನ ತೋಟಗಳ ಕಂಪಿನ ನಡುವೆ" ಎಂಬ ಪುಸ್ತಿಕೆಯ ವಾಕ್ಯ ಓದುವಾಗ ನನ್ನ ಮೂಗು ಬೇರೇನನ್ನೋ ಹುಡುಕಿತು.

ದ್ರಾಕ್ಷಿಯ ಬಗ್ಗೆ ನಾನು ಹೆಚ್ಚು ಹೇಳಲಾರೆ, ಕುಡಿಯುವ ಅಭ್ಯಾಸ ಇಲ್ಲದವನು. ಚಪ್ಪರದ ಮೇಲೆ ಹಬ್ಬಿಸುವ ವೆರ್ನಾಚ್ ಎಂಬ ತಳಿಯಿಂದ ತಿಳಿಗೆಂಪು ದ್ರಾಕ್ಷಾರಸ ಮಾಡುತ್ತಾರೆ. ಟ್ರಮೀನ್ ಊರಿನ ಹೆಸರು ಹೊತ್ತ ಗೆವುರ್ಟ್ಸ್‌ಟ್ರಮೀನರ್ ಎಂಬ ಪರಿಮಳದ ತಳಿ ಜಗತ್ತಿನಲ್ಲೆಲ್ಲ ಪ್ರಸಿದ್ಧ. ರೈತರದು ಸಣ್ಣ ಸಣ್ಣ ಹಿಡುವಳಿ. ಆದರೆ 1893ರಷ್ಟು ಹಿಂದೆಯೇ ಸಹಕಾರಿ ಸಂಘ ಕಟ್ಟಿ ರಸ ಹಿಂಡುವುದನ್ನು ಕಲಿತರು. ಇಂದಿಗೂ ಹೆಚ್ಚಿನ ಪಾಲು ಸಹಕಾರಿಗಳದ್ದೇ. ಕ್ಯಾಂಪ್ಕೋಗೆ ಅಡಿಕೆ ಹಾಕುವವರಿಗೆ ಇದರ ಬೆಲೆ ತಿಳಿಯದ್ದಲ್ಲ. ಕುಡಿದು ಸೈಕಲ್ ಬಿಟ್ಟರೂ ಇಟಲಿಯಲ್ಲಿ ಕಾರಿನವನಿಗಿರುವ ಕಾನೂನೇ ಅನ್ವಯ. ಹಾಗಾಗಿ ರುಚಿ ನೋಡುವ ಕಾರ್ಯಕ್ರಮವನ್ನು ಜಾಣ ಮಾರ್ಗದರ್ಶಿಗಳು ಸವಾರಿ ಮುಗಿದ ಮೇಲೆ ಇಡುತ್ತಾರೆ.

ಬೋಟ್ಸನ್‌ನಿಂದ ಕಾಲ್ಟರ್ನ್‌ಗೆ ಹೋಗುವ ಸೈಕಲ್ ದಾರಿ 1898ರಲ್ಲಿ ಹಾಕಿದ ರೈಲು ಹಳಿಯ ಜಾಗ. ಆ ರೈಲು ನಿಂತು ದಶಕಗಳಾದವು. ಆದರೆ ಮೆರಾನ್‌ನಿಂದ ಮಾಲ್ಸ್‌ಗೆ ಹೋಗುವ, 1990ರಲ್ಲಿ ನಿಲ್ಲಿಸಿದ್ದ ರೈಲನ್ನು 2005ರಲ್ಲಿ ಪ್ರಾಂತ್ಯದವರೇ ಮತ್ತೆ ಓಡಿಸಿದರು. ಅದರಲ್ಲಿ ಮೇಲೆ ಹೋಗಿ, ಬಾಡಿಗೆ ಸೈಕಲಿನಲ್ಲಿ ಕೆಳಗಿಳಿಯಬಹುದು. ಕೋಟೆಯಂಥ ಹೋಟೆಲೂ ವ್ಯಾನೂ ಬೇಡದವನಿಗೆ ಐಶ್ವರ್ಯವಂತರ ಅದೇ ದಾರಿ, ಅದೇ ಬೆಟ್ಟ, ಬಹಳ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ. ಇದನ್ನು ನಾನು ನನ್ನ ವಿದ್ಯಾರ್ಥಿಗೂ ಹೇಳಿದೆ.

ಜನ ಬರುವುದೂ ಅತಿಯಾಗಿದೆ. ಐದು ಲಕ್ಷದ ಪ್ರಾಂತ್ಯದಲ್ಲಿ ಪ್ರವಾಸಿಗರು ವರ್ಷಕ್ಕೆ ಕಳೆಯುವ ರಾತ್ರಿಗಳು ಮೂರು ಕೋಟಿ ಮೀರಿವೆ. ಊರಿನ ಹುಡುಗರಿಗೆ ಬಾಡಿಗೆ ಮನೆ ಸಿಗುವುದು ಕಷ್ಟವಾಯಿತು. 2022ರಲ್ಲಿ ಪ್ರಾಂತ್ಯ ಸರಕಾರ ಹೋಟೆಲಿನ ಹಾಸಿಗೆಗಳಿಗೇ ಮಿತಿ ಹಾಕುವ ಕಾನೂನು ತಂದಿತು. ಪ್ರವಾಸಿಗಳನ್ನು ಕರೆಯಲು ಎಲ್ಲರೂ ಹೊಡೆದಾಡುವ ಈ ಕಾಲದಲ್ಲಿ "ಇಷ್ಟು ಸಾಕು" ಎನ್ನುವ ಧೈರ್ಯ ಸಣ್ಣದಲ್ಲ.

ಹುಡುಗ ಮ್ಯೂನಿಕ್‌ಗೆ ಮರಳುವ ಮುನ್ನ ಫೋನು ಮಾಡಿದ್ದ. "ಮಾಸ್ಟ್ರೇ, ನಿಮಗೆ ಏನು ತರಲಿ? ಒಂದು ಬಾಟ್ಲಿ ದ್ರಾಕ್ಷಿರಸ ಅಂತ ಹೇಳಿದರೆ ಬೈಯುತ್ತೀರಿ" ಎಂದು ನಕ್ಕ. ಏನೂ ಬೇಡ, ಆ ಗೋಪುರದ ಬಳಿ ಹದಿನೈದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ನಿಲ್ಲು, ಅಲ್ಲಿ ಊರಿನ ಕಥೆ ಬರೆದ ಫಲಕವಿದ್ದರೆ ಅದು ಯಾವ ಯಾವ ಭಾಷೆಯಲ್ಲಿದೆ ನೋಡಿಕೊಂಡು ಬಾ ಎಂದಿದ್ದೇನೆ.