ನೌಕರಿ ಹೋದ ಮೇಲೂ ವಿಮೆ: ಅಮೆರಿಕದ ‘ಕೋಬ್ರಾ’ ಎಷ್ಟು ಆಸರೆ, ಎಷ್ಟು ಹೊರೆ?

ಅಮೆರಿಕದ ಸಾಫ್ಟ್‌ವೇರ್ ಕಂಪೆನಿಯೊಂದು ನೌಕರರನ್ನು ಕೈಬಿಟ್ಟಿತೆಂಬ ಸುದ್ದಿ ಬಂದಾಗಲೆಲ್ಲ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಹಲವು ಮನೆಗಳಲ್ಲಿ ಆತಂಕ ಮೂಡುತ್ತದೆ. ಅಲ್ಲಿರುವ ಮಗನ ಅಥವಾ ಮಗಳ ವೀಸಾ ಗತಿ ಏನು ಎಂಬುದೇ ಮೊದಲ ಪ್ರಶ್ನೆ. ಅಷ್ಟೇ ತುರ್ತಾದ ಎರಡನೆಯ ಪ್ರಶ್ನೆ ಅನೇಕರಿಗೆ ಹೊಳೆಯುವುದು ಔಷಧಿ ಅಂಗಡಿಯಲ್ಲಿ ವಿಮಾ ಕಾರ್ಡು ನಡೆಯದೇ ಹೋದಾಗ. ಆ ದೇಶದಲ್ಲಿ ದುಡಿಯುವ ವಯಸ್ಸಿನ ಬಹುಪಾಲು ಜನರ ಆರೋಗ್ಯ ವಿಮೆ ಉದ್ಯೋಗಕ್ಕೇ ಅಂಟಿಕೊಂಡಿದೆ. ಉದ್ಯೋಗ ಹೋದರೆ ವಿಮೆಯೂ ಹೋಗುತ್ತದೆ; ಕೆಲವು ಕಂಪೆನಿಗಳಲ್ಲಿ ಕೊನೆಯ ಕೆಲಸದ ದಿನವೇ, ಇನ್ನು ಕೆಲವೆಡೆ ಆ ತಿಂಗಳ ಅಂತ್ಯಕ್ಕೆ.

ಈ ಗಂಟು ಯಾರೂ ಯೋಚಿಸಿ ಹಾಕಿದ್ದಲ್ಲ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಅಮೆರಿಕ ಸರಕಾರ ಸಂಬಳದ ಏರಿಕೆಗೆ ಕಡಿವಾಣ ಹಾಕಿತು. ಕೆಲಸಗಾರರ ಅಭಾವದಿಂದ ಕಂಗೆಟ್ಟಿದ್ದ ಉದ್ಯಮಗಳು ಸಂಬಳದ ಬದಲು ವಿಮೆಯ ಆಸೆ ತೋರಿಸಿದವು. ಕಂಪೆನಿ ಕಟ್ಟುವ ವಿಮಾ ಕಂತಿಗೆ ನೌಕರ ತೆರಿಗೆ ಕೊಡಬೇಕಿಲ್ಲವೆಂಬುದನ್ನು 1954ರ ತೆರಿಗೆ ಸಂಹಿತೆ ಖಚಿತಪಡಿಸಿತು. ಯುದ್ಧ ಎಂದೋ ಮುಗಿಯಿತು, ಗಂಟು ಮಾತ್ರ ಉಳಿಯಿತು.

ಕೆಲಸ ಕಳೆದುಕೊಂಡವರಿಗೆ ಪರಿಹಾರ ದೊರೆತದ್ದು ಅಧ್ಯಕ್ಷ ರೊನಾಲ್ಡ್ ರೇಗನ್ 1986ರ ಏಪ್ರಿಲ್‌ನಲ್ಲಿ ಸಹಿ ಹಾಕಿದ ಬಜೆಟ್ ಕಾಯ್ದೆಯೊಂದರಲ್ಲಿ. ‘ಕನ್ಸಾಲಿಡೇಟೆಡ್ ಆಮ್ನಿಬಸ್ ಬಜೆಟ್ ರಿಕನ್ಸಿಲಿಯೇಷನ್ ಆಕ್ಟ್’ ಎಂಬ ಉದ್ದನೆಯ ಹೆಸರಿನ ಮೊದಲಕ್ಷರಗಳೇ ‘ಕೋಬ್ರಾ’. ಹಾವಿಗೂ ಅದಕ್ಕೂ ಸಂಬಂಧವಿಲ್ಲ. ಬಿಲ್ಲು ಕೈಗೆ ಬಂದಾಗ ಕಚ್ಚಿದ ಅನುಭವವಾಗುವುದು ಬೇರೆ ಮಾತು. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಇದು ಅನ್ವಯ. ಕೆಲಸ ಹೋದರೆ ಅಥವಾ ಕೆಲಸದ ಗಂಟೆಗಳು ಕಡಿತಗೊಂಡು ವಿಮೆ ತಪ್ಪಿದರೆ 18 ತಿಂಗಳು ಹಳೆಯ ವಿಮೆಯಲ್ಲೇ ಮುಂದುವರಿಯಬಹುದು. ನೌಕರ ತೀರಿಕೊಂಡಾಗ ಇಲ್ಲವೇ ವಿಚ್ಛೇದನವಾದಾಗ ಕುಟುಂಬಕ್ಕೆ 36 ತಿಂಗಳ ಅವಕಾಶವಿದೆ. ತಾವಾಗಿಯೇ ರಾಜೀನಾಮೆ ಕೊಟ್ಟವರಿಗೂ ಈ ಹಕ್ಕುಂಟು. ಗಂಭೀರ ದುರ್ನಡತೆಗಾಗಿ ವಜಾಗೊಂಡವರಿಗೆ ಇಲ್ಲ.

ಹಕ್ಕು ಇದೆ ನಿಜ, ಆದರೆ ಹಣ ಕೊಡುವವರಾರು? ಕಂಪೆನಿ ಕೊಡುತ್ತಿದ್ದ ಪಾಲು ನಿಂತುಹೋಗುತ್ತದೆ. ಪೂರ್ತಿ ಕಂತನ್ನೂ, ಆಡಳಿತ ವೆಚ್ಚವೆಂದು ಅದರ ಮೇಲೆ ಶೇ. 2ರವರೆಗೂ ಮಾಜಿ ನೌಕರನಿಂದಲೇ ಕೇಳಬಹುದು. ಕೈಸರ್ ಫ್ಯಾಮಿಲಿ ಫೌಂಡೇಶನ್ 2024ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಉದ್ಯೋಗದ ಮೂಲಕ ದೊರೆಯುವ ಕುಟುಂಬ ವಿಮೆಯ ಸರಾಸರಿ ವಾರ್ಷಿಕ ಕಂತು 25,572 ಡಾಲರ್. ಅದರಲ್ಲಿ ನೌಕರನ ಪಾಲು ಕೇವಲ 6,296 ಡಾಲರ್. ತಿಂಗಳ ಲೆಕ್ಕದಲ್ಲಿ ಸುಮಾರು 525 ಡಾಲರ್ ಕಟ್ಟುತ್ತಿದ್ದ ಮನುಷ್ಯ, ಸಂಬಳವೇ ನಿಂತ ತಿಂಗಳಿನಿಂದ ಸುಮಾರು 2,170 ಡಾಲರ್ ಕಟ್ಟಬೇಕು. ವಿಮೆ ಹಠಾತ್ತನೆ ದುಬಾರಿಯಾಯಿತೆಂದು ಜನ ದೂರುತ್ತಾರೆ. ವಾಸ್ತವದಲ್ಲಿ ಅದರ ಬೆಲೆ ಮೊದಲಿನಿಂದಲೂ ಅಷ್ಟೇ ಇತ್ತು, ಕಾಣುತ್ತಿರಲಿಲ್ಲ. ಈ ಹೊರೆಯನ್ನು ಅಲ್ಲಿನ ಸರಕಾರವೂ ಒಪ್ಪಿಕೊಂಡಿದೆ. ಆರ್ಥಿಕ ಹಿಂಜರಿತದ ವೇಳೆ 2009ರಲ್ಲಿ ಕಂತಿನ ಶೇ. 65 ಭಾಗವನ್ನೂ, ಕೋವಿಡ್ ಕಾಲದಲ್ಲಿ 2021ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ತಿ ಕಂತನ್ನೂ ಅರ್ಹರಿಗೆ ಅದು ಭರಿಸಿತು. ಎರಡೂ ತಾತ್ಕಾಲಿಕ ಕ್ರಮಗಳಾಗಿದ್ದವು.

ಹಾಗಿದ್ದರೂ ಕೋಬ್ರಾ ಪತ್ರವನ್ನು ಕಸದ ಬುಟ್ಟಿಗೆ ಎಸೆಯುವುದು ಜಾಣತನವಲ್ಲ. ಈ ಕಾಯ್ದೆಯ ನಿಜವಾದ ಬೆಲೆ ಅದರ ಗಡುವಿನಲ್ಲಿದೆ. ಸೂಚನೆ ಬಂದ ದಿನ ಅಥವಾ ವಿಮೆ ತಪ್ಪಿದ ದಿನ, ಇವುಗಳಲ್ಲಿ ಯಾವುದು ತಡವೋ ಅಲ್ಲಿಂದ 60 ದಿನಗಳ ಒಳಗೆ ಬೇಕು ಅಥವಾ ಬೇಡ ಎಂದು ತೀರ್ಮಾನಿಸಬಹುದು. ಬೇಕೆಂದು ತಿಳಿಸಿದ ಮೇಲೆ ಮೊದಲ ಕಂತು ಕಟ್ಟಲು ಮತ್ತೆ 45 ದಿನ. ಹೀಗೆ ಆರಿಸಿಕೊಂಡ ವಿಮೆ ಹಿಂದಿನ ದಿನಾಂಕದಿಂದಲೇ, ಅಂದರೆ ವಿಮೆ ತಪ್ಪಿದ ದಿನದಿಂದಲೇ, ಜಾರಿಗೆ ಬರುತ್ತದೆ. ನಲವತ್ತನೆಯ ದಿನ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾದರೂ ನಲವತ್ತೈದನೆಯ ದಿನ ಅರ್ಜಿ ಹಾಕಿ, ಹಿಂದಿನ ಕಂತುಗಳನ್ನೆಲ್ಲ ಕಟ್ಟಿ, ವೆಚ್ಚ ಕೇಳಬಹುದು. ಆಸ್ಪತ್ರೆ ಮೊದಲು ಹಣ ಕೇಳೀತು, ಕಾಗದಪತ್ರದ ಓಡಾಟವೂ ಇದ್ದೀತು. ಆದರೆ ಹಕ್ಕು ಹಕ್ಕೇ.

ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಸಂಗತಿಯೆಂದರೆ ಕುಟುಂಬದ ಪ್ರತಿಯೊಬ್ಬರೂ ಪ್ರತ್ಯೇಕವಾಗಿ ತೀರ್ಮಾನಿಸಬಹುದು. ಗರ್ಭಿಣಿ ಪತ್ನಿಗೆ ಮಾತ್ರ ಕೋಬ್ರಾ ಪಡೆದು, ಆರೋಗ್ಯವಾಗಿರುವ ಪತಿ ಅಗ್ಗದ ಬೇರೆ ವಿಮೆ ನೋಡಿಕೊಳ್ಳಬಹುದು. ವರ್ಷದ ಮಧ್ಯದಲ್ಲಿ ಚಿಕಿತ್ಸೆ ನಡೆಯುತ್ತಿದ್ದರೆ ಅದೇ ವೈದ್ಯರು, ಅದೇ ಆಸ್ಪತ್ರೆ ಮುಂದುವರಿಯುತ್ತಾರೆ. ಕೈಯಿಂದ ಈಗಾಗಲೇ ಭರಿಸಿದ ‘ಡಿಡಕ್ಟಿಬಲ್’ ಮೊತ್ತವೂ ವ್ಯರ್ಥವಾಗುವುದಿಲ್ಲ. ಹೊಸ ವಿಮೆ ತೆಗೆದುಕೊಂಡರೆ ಆ ಲೆಕ್ಕ ಸಾಮಾನ್ಯವಾಗಿ ಸೊನ್ನೆಯಿಂದ ಶುರು.

ಬದಲಿ ಮಾರ್ಗಗಳೂ ಇವೆ. ಪತಿ ಅಥವಾ ಪತ್ನಿಗೆ ಉದ್ಯೋಗವಿದ್ದರೆ ಆ ಕಂಪೆನಿಯ ವಿಮೆಗೆ 30 ದಿನಗಳೊಳಗೆ ಸೇರಿಕೊಳ್ಳುವುದೇ ಸಾಮಾನ್ಯವಾಗಿ ಲಾಭದಾಯಕ. ‘ಒಬಾಮಾಕೇರ್’ ಎಂದು ಹೆಸರಾದ ಕಾಯ್ದೆಯ ಮಾರುಕಟ್ಟೆಯಲ್ಲಿ ವಿಮೆ ಕೊಳ್ಳಲು 60 ದಿನಗಳ ವಿಶೇಷ ಅವಕಾಶ ದೊರೆಯುತ್ತದೆ. ಎಚ್-1ಬಿ ವೀಸಾದವರೂ ಅದನ್ನು ಕೊಳ್ಳಬಹುದು, 2014ರಿಂದೀಚೆಗೆ ಹಳೆಯ ಕಾಯಿಲೆಯ ನೆಪದಲ್ಲಿ ನಿರಾಕರಿಸುವಂತಿಲ್ಲ. ಆದರೆ ಅದು ಹಿಂದಿನ ದಿನಾಂಕದಿಂದ ಜಾರಿಯಾಗುವುದಿಲ್ಲ. ಆ ಅವಧಿ ಕಳೆದ ಮೇಲೆ ಕೋಬ್ರಾ ದುಬಾರಿಯೆಂದು ನಡುವೆ ನಿಲ್ಲಿಸಿದರೆ, ಅದೊಂದೇ ಕಾರಣಕ್ಕೆ ಮಾರುಕಟ್ಟೆಯ ಬಾಗಿಲು ಮತ್ತೆ ತೆರೆಯುವುದಿಲ್ಲ. ವಾರ್ಷಿಕ ನೋಂದಣಿಯವರೆಗೆ ಕಾಯಬೇಕಾದೀತು. ಕಂಪೆನಿಯೇ ಮುಚ್ಚಿ ಅದರ ವಿಮಾ ಯೋಜನೆಯೂ ರದ್ದಾದರೆ ಮುಂದುವರಿಸಲು ಏನೂ ಉಳಿಯುವುದಿಲ್ಲ ಎಂಬುದೂ ನೆನಪಿರಬೇಕು.

ಕನ್ನಡಿಗ ಎಚ್-1ಬಿ ಕುಟುಂಬಗಳಿಗೆ ಇಲ್ಲಿ ಎರಡು ಗಡಿಯಾರಗಳು ಒಟ್ಟಿಗೆ ಓಡುತ್ತವೆ. 2017ರ ಜನವರಿಯಲ್ಲಿ ಜಾರಿಗೆ ಬಂದ ನಿಯಮದಂತೆ ಕೆಲಸ ಹೋದ ಬಳಿಕ ಗರಿಷ್ಠ 60 ದಿನಗಳೊಳಗೆ ಹೊಸ ಉದ್ಯೋಗದಾತ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವೀಸಾಕ್ಕೆ ಬದಲಾಯಿಸಿಕೊಳ್ಳಬೇಕು ಅಥವಾ ದೇಶ ಬಿಡಬೇಕು. ಕೋಬ್ರಾದ ಗಡುವು ವಲಸೆ ಇಲಾಖೆಯ ಗಡುವಿಗೆ ಸಂಬಂಧಪಟ್ಟದ್ದಲ್ಲ. ಒಂದನ್ನು ಇನ್ನೊಂದೆಂದು ಎಣಿಸಿ ಮೋಸಹೋಗಬಾರದು. ಎರಡು ತಿಂಗಳಲ್ಲಿ ಬೇರೆ ಕೆಲಸ ಸಿಗುವ ಭರವಸೆಯಿದ್ದವರು ಪತ್ರವನ್ನು ಜೋಪಾನವಾಗಿಟ್ಟು, ಕಾಯಿಲೆ ಬಿದ್ದರಷ್ಟೇ ಸಹಿ ಹಾಕುವುದುಂಟು. ನಿಯಮಕ್ಕೆ ಇದು ವಿರುದ್ಧವಲ್ಲ. ಆದರೆ ಮಾರುಕಟ್ಟೆಯ ಅರವತ್ತು ದಿನಗಳೂ ಅದೇ ವೇಳೆಗೆ ಕರಗುತ್ತಿರುತ್ತವೆ.

ಊರಿಗೆ ಮರಳುವವರಿಗೆ ಕೋಬ್ರಾ ಹೆಚ್ಚು ಉಪಯೋಗಕ್ಕೆ ಬಾರದು, ಏಕೆಂದರೆ ಅಮೆರಿಕದ ಹಲವು ವಿಮೆಗಳು ಹೊರದೇಶದಲ್ಲಿ ತುರ್ತು ಚಿಕಿತ್ಸೆಯನ್ನಷ್ಟೇ ಭರಿಸುತ್ತವೆ. ಅಂಥವರು ವಿಮಾನ ಹತ್ತುವ ಮುನ್ನವೇ ಭಾರತದಲ್ಲಿ ವೈಯಕ್ತಿಕ ವಿಮೆಯನ್ನು ವಿಚಾರಿಸಿಡುವುದು ಒಳಿತು. ಇಲ್ಲಿನ ವಿಮೆಗಳಲ್ಲಿ ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿಯಿರುತ್ತದೆ, ಆ ಎಣಿಕೆ ಆರಂಭವಾಗುವುದು ಪಾಲಿಸಿ ಪಡೆದ ದಿನದಿಂದ.