46 ತುಂಡಿನ ಪೆಟ್ಟಿಗೆಗೂ ಬಗ್ಗದ ವೀಲ್ ನಟ್ಟು: ಬಲ, ಉದ್ದ, ಬೆಲೆಗಳ ಲೆಕ್ಕ

ಕಾರಿನ ಕೆಲಸಕ್ಕೆಂದು ಆನ್‌ಲೈನ್ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುವುದು 46 ತುಂಡುಗಳ ಸಾಕೆಟ್ ಪೆಟ್ಟಿಗೆ. ಬೆಲೆ ಸಾಮಾನ್ಯವಾಗಿ ಐನೂರರಿಂದ ಸಾವಿರ ರೂಪಾಯಿಯ ಒಳಗೆ. ಅದರಲ್ಲಿರುವ 13 ಸಾಕೆಟ್‌ಗಳ ಅಳತೆ 4ರಿಂದ 14 ಮಿ.ಮೀ. ಉಳಿದವುಗಳಲ್ಲಿ ಹೆಚ್ಚಿನವು ಸ್ಕ್ರೂ ಬಿಟ್‌ಗಳು. ನಮ್ಮ ರಸ್ತೆಗಳ ಬಹುಪಾಲು ಕಾರುಗಳ ವೀಲ್ ನಟ್ಟು 17, 19 ಅಥವಾ 21 ಮಿ.ಮೀ. ಅಂದರೆ ಹೆದ್ದಾರಿಯಲ್ಲಿ ಟೈರು ಪಂಕ್ಚರ್ ಆದ ಹೊತ್ತಿಗೆ ಈ 46 ತುಂಡುಗಳಲ್ಲಿ ಒಂದೂ ನೆರವಿಗೆ ಬಾರದು.

ಸಾಕೆಟ್ ಕೊಳ್ಳುವಾಗ ತುಂಡುಗಳನ್ನು ಎಣಿಸಿ ಪ್ರಯೋಜನವಿಲ್ಲ. ನೋಡಬೇಕಾದ ಅಂಕಿ ಮೂರು: ನಟ್ಟು ಕೇಳುವ ಟಾರ್ಕ್, ಹಿಡಿಯ ಉದ್ದ, ಹಿಡಿಗೆ ಸಾಕೆಟ್ ಸಿಕ್ಕಿಸುವ ಚೌಕದ ಅಳತೆ.

ಯಾವ ಬೋಲ್ಟಿಗೆ ಎಷ್ಟು?

ಕೈಯ ಬಲವನ್ನು ಹಿಡಿಯ ಉದ್ದದಿಂದ ಗುಣಿಸಿದರೆ ಟಾರ್ಕ್ ಸಿಗುತ್ತದೆ. ಒಂದು ಮೀಟರ್ ಉದ್ದದ ಹಿಡಿಯ ತುದಿಗೆ 10 ಕೆ.ಜಿ. ಭಾರ ಬಿದ್ದರೆ ಸುಮಾರು 98 ನ್ಯೂಟನ್ ಮೀಟರ್. ಕಾರಿನಲ್ಲಿ ಬಿಗಿಯುವ ಸಾಮಾನ್ಯ ಅಳತೆಗಳು ಹೀಗಿವೆ (ಬೋಲ್ಟುಗಳು 8.8 ದರ್ಜೆಯವು):

- ಎಂ6 ಬೋಲ್ಟು (ತಲೆ 10 ಮಿ.ಮೀ.): ಸುಮಾರು 10 ನ್ಯೂಟನ್ ಮೀಟರ್
- ಎಂ8 ಬೋಲ್ಟು (ತಲೆ 12 ಅಥವಾ 13 ಮಿ.ಮೀ.): ಸುಮಾರು 25
- ಸ್ಪಾರ್ಕ್ ಪ್ಲಗ್ (14 ಮಿ.ಮೀ. ಮರೆ, ಅಂದರೆ ಥ್ರೆಡ್): 20–30
- ಆಯಿಲ್ ಡ್ರೈನ್ ಬೋಲ್ಟು: 30–40
- ಸಣ್ಣ ಮತ್ತು ಮಧ್ಯಮ ಕಾರಿನ ವೀಲ್ ನಟ್ಟು: 85–130
- ಮುಂದಿನ ಆಕ್ಸಲ್‌ನ ಹಬ್ ನಟ್ಟು: 180–300

ನಿಮ್ಮ ಕಾರಿನ ನಿಖರ ಅಂಕಿ ಕಂಪನಿ ಕೊಟ್ಟ ಕೈಪಿಡಿಯಲ್ಲಿರುತ್ತದೆ. ಕೊನೆಯ ಮಾತು ಅದರದ್ದೇ.

ಬಿಗಿಯಲು ಹಾಕಿದ ಟಾರ್ಕ್‌ನಲ್ಲಿ ಬೋಲ್ಟನ್ನು ಎಳೆದು ಹಿಡಿಯಲು ಒದಗುವುದು ಸುಮಾರು ಶೇಕಡಾ 10 ಮಾತ್ರ. ತಲೆಯ ಕೆಳಗಿನ ಘರ್ಷಣೆ ಸುಮಾರು ಶೇಕಡಾ 50 ತಿನ್ನುತ್ತದೆ, ಮರೆಯ ಘರ್ಷಣೆ ಶೇಕಡಾ 40. ತುಕ್ಕು ಹಿಡಿಯದ ನಟ್ಟು ಬಿಗಿದದ್ದಕ್ಕಿಂತ ಕಡಿಮೆ ಟಾರ್ಕ್‌ಗೇ ಬಿಚ್ಚಿಕೊಳ್ಳುತ್ತದೆ. ತುಕ್ಕು ಹಿಡಿದರೆ ಘರ್ಷಣೆಯ ಪಾಲು ಏರುತ್ತದೆ, ಲೆಕ್ಕವೂ ತಲೆಕೆಳಗಾಗುತ್ತದೆ.

28 ಸೆಂ.ಮೀ. ಮತ್ತು 60 ಸೆಂ.ಮೀ.

ಕಾರಿನ ಡಿಕ್ಕಿಯಲ್ಲಿ ಬರುವ ವೀಲ್ ಸ್ಪ್ಯಾನರಿನ ಉದ್ದ ಸಾಮಾನ್ಯವಾಗಿ 25ರಿಂದ 30 ಸೆಂ.ಮೀ. 28 ಎಂದಿಟ್ಟುಕೊಳ್ಳೋಣ. 100 ನ್ಯೂಟನ್ ಮೀಟರ್ ಹೊರಡಿಸಲು ಅದರ ತುದಿಗೆ 36 ಕೆ.ಜಿ. ಭಾರ ಬೇಕು. ಆರೋಗ್ಯವಂತರಿಗೆ ಇದು ಸಾಧ್ಯ.

ತೊಂದರೆ ಶುರುವಾಗುವುದು ಟೈರ್ ಅಂಗಡಿಯ ಏರ್ ಗನ್‌ನಿಂದ. ಅರ್ಧ ಇಂಚಿನ ಗನ್‌ಗಳು 500 ನ್ಯೂಟನ್ ಮೀಟರಿಗಿಂತ ಹೆಚ್ಚು ಹೊಡೆಯಬಲ್ಲವು. ಗಡಿಬಿಡಿಯಲ್ಲಿ ನಟ್ಟು 250ಕ್ಕೆ ಕೂತರೆ, ಅದನ್ನು ಬಿಚ್ಚಲು ಡಿಕ್ಕಿಯ ಸ್ಪ್ಯಾನರಿನ ಮೇಲೆ 91 ಕೆ.ಜಿ. ಬೀಳಬೇಕು. ಇಷ್ಟು ಮೈತೂಕ ಎಷ್ಟು ಜನರಿಗಿದೆ? ಅದೇ ನಟ್ಟಿಗೆ 60 ಸೆಂ.ಮೀ. ಉದ್ದದ ಬ್ರೇಕರ್ ಬಾರ್ (ಸಾಕೆಟ್ ಸಿಕ್ಕಿಸುವ ಉದ್ದ ಹಿಡಿ) ಹಾಕಿದರೆ 43 ಕೆ.ಜಿ. ಸಾಕು. ಸರಿಯಾಗಿ 100ಕ್ಕೆ ಬಿಗಿದಿದ್ದರಂತೂ 17 ಕೆ.ಜಿ.; ಮನೆಯ ಯಾರು ಬೇಕಾದರೂ ಬಿಚ್ಚಬಹುದು.

ಸ್ಪ್ಯಾನರಿನ ಮೇಲೆ ಹತ್ತಿ ನಿಂತು ಬಿಗಿಯುವ ಅಭ್ಯಾಸದ ಲೆಕ್ಕವನ್ನೂ ನೋಡಿ. 70 ಕೆ.ಜಿ. ತೂಕದವರು 30 ಸೆಂ.ಮೀ. ಹಿಡಿಯ ತುದಿಯಲ್ಲಿ ನಿಂತರೆ 206 ನ್ಯೂಟನ್ ಮೀಟರ್. ಎಂ12×1.25 ಅಳತೆಯ ಸ್ಟಡ್ಡನ್ನು ಇದು ಒಣ ಮರೆಯಲ್ಲಿ ಅಂದಾಜು 86 ಕಿಲೋನ್ಯೂಟನ್ ಬಲದಿಂದ ಎಳೆಯುತ್ತದೆ. 10.9 ದರ್ಜೆಯ ಉಕ್ಕಿನ ಸ್ಟಡ್ಡಾದರೂ ಸುಮಾರು 83 ಕಿಲೋನ್ಯೂಟನ್ ದಾಟಿದರೆ ಶಾಶ್ವತವಾಗಿ ಹಿಗ್ಗುತ್ತದೆ. ಮೇಲೆ ಜಿಗಿದರೆ ಬಲ ಇಮ್ಮಡಿಗಿಂತ ಹೆಚ್ಚಾಗುತ್ತದೆ. ಮುಂದೊಂದು ದಿನ ಆ ಸ್ಟಡ್ಡು ಮುರಿಯಲು ಇಷ್ಟು ಸಾಕು.

ಚೌಕ ತಡೆಯುವುದೆಷ್ಟು?

ಚೌಕದ ಅಳತೆ ಇಮ್ಮಡಿಯಾದರೆ ಅದು ತಡೆಯುವ ಟಾರ್ಕ್ ಸುಮಾರು ಎಂಟು ಪಟ್ಟಾಗುತ್ತದೆ. ಕೈಯಿಂದ ತಿರುಗಿಸುವ ರಾಚೆಟ್‌ಗಳ (ಒಳಗೆ ಹಲ್ಲಿರುವ ಹಿಡಿಗಳ) ಪರೀಕ್ಷಾ ಮಟ್ಟ ಸ್ಥೂಲವಾಗಿ ಹೀಗಿದೆ: 1/4 ಇಂಚಿಗೆ 60 ನ್ಯೂಟನ್ ಮೀಟರ್, 3/8 ಇಂಚಿಗೆ 200, 1/2 ಇಂಚಿಗೆ 500. ಆ 46 ತುಂಡಿನ ಪೆಟ್ಟಿಗೆಯ ಚೌಕ 1/4 ಇಂಚು. ವೀಲ್ ನಟ್ಟಿನ 100 ಅದರ ಶಕ್ತಿಗೆ ಮೀರಿದ್ದು.

60 ಸೆಂ.ಮೀ. ಬಾರಿಗೆ 50 ಕೆ.ಜಿ. ಹಾಕಿದರೆ 294 ನ್ಯೂಟನ್ ಮೀಟರ್. ಇದನ್ನು ತಡೆಯುವುದು 1/2 ಇಂಚಿನದು ಮಾತ್ರ. ರಾಚೆಟ್‌ಗೆ ಕಬ್ಬಿಣದ ಪೈಪು ಸಿಕ್ಕಿಸಿ ಉದ್ದ ಮಾಡುವುದೂ ಬೇಡ. ಒಂದು ಮೀಟರ್ ಪೈಪಿಗೆ ಅಷ್ಟೇ ಭಾರ ಹಾಕಿದರೆ 490, ಅಂದರೆ 1/2 ಇಂಚಿನ ರಾಚೆಟ್ಟೂ ಕೊನೆಯ ಅಂಚಿಗೆ ಬಂದಿರುತ್ತದೆ. ಒಳಗಿನ ಹಲ್ಲು ಮುರಿದರೆ ಬಾರು ಜಾರಿ ಮುಖಕ್ಕೋ ಮುಂಗೈಗೋ ಬಡಿಯುತ್ತದೆ. ಹಲ್ಲುಗಳೇ ಇಲ್ಲದ ಬ್ರೇಕರ್ ಬಾರ್ ಸಡಿಲಿಸಲು, ರಾಚೆಟ್ ಸಡಿಲಾದ ಮೇಲೆ ತಿರುಗಿಸಲು: ಈ ವಿಂಗಡಣೆ ಸದಾ ಇರಲಿ.

ಆರು ಮೂಲೆ, ಸರಿಯಾದ ಅಳತೆ

19 ಮಿ.ಮೀ. ನಟ್ಟಿನ ಮೂಲೆಯಿಂದ ಮೂಲೆಗೆ 22 ಮಿ.ಮೀ. ಹಿಡಿತವೆಲ್ಲ ಈ 3 ಮಿ.ಮೀ. ವ್ಯತ್ಯಾಸದಲ್ಲಿದೆ. ಹನ್ನೆರಡು ಮೂಲೆಯ ಸಾಕೆಟ್ ನಟ್ಟಿನ ಮೂಲೆಯ ತೀರಾ ಅಂಚಿನಲ್ಲಿ ಒತ್ತುವುದರಿಂದ, ತುಕ್ಕು ತಿಂದ ಮೂಲೆ ಬೇಗ ಸವೆದು ದುಂಡಗಾಗುತ್ತದೆ. ಆರು ಮೂಲೆಯದು ಬದಿಗಳನ್ನು ಅಪ್ಪಿ ಹಿಡಿಯುತ್ತದೆ. ಬಿಗಿದು ಕೂತ ನಟ್ಟಿಗೆ ಅದೇ ಸರಿ.

ಇಂಚಿನ ಸಾಕೆಟ್ಟನ್ನು ಮಿ.ಮೀ. ನಟ್ಟಿಗೆ ಹೊಂದಿಸಬಾರದು. 3/4 ಇಂಚು ಎಂದರೆ 19.05 ಮಿ.ಮೀ.; 19ಕ್ಕೆ ಸರಿಯಾದೀತು. ಆದರೆ 11/16 ಇಂಚು ಎಂದರೆ 17.46, 17ರ ನಟ್ಟಿಗೆ ಅರ್ಧ ಮಿ.ಮೀ. ಸಡಿಲ. ಜಪಾನ್ ಮೂಲದ ಕಾರುಗಳಲ್ಲಿ ಹೆಚ್ಚಾಗಿ 10, 12, 14, 17, 19 ಬೇಕಾದರೆ ಯುರೋಪಿನವಕ್ಕೆ 10, 13, 16, 17, 18 ಬೇಕು. ಮೊದಲು ಕಾರು ನೋಡಿ, ಆಮೇಲೆ ಸಾಕೆಟ್ ಕೊಳ್ಳಿ. ಇಂಪ್ಯಾಕ್ಟ್ ಗನ್‌ಗೆ ಕಪ್ಪು ಬಣ್ಣದ, ದಪ್ಪ ಗೋಡೆಯ ಇಂಪ್ಯಾಕ್ಟ್ ಸಾಕೆಟ್ಟೇ ಆಗಬೇಕು. ಹೊಳೆಯುವ ಕ್ರೋಮ್ ಸಾಕೆಟ್ ಹೊಡೆತಕ್ಕೆ ಸಿಡಿಯಬಹುದು.

ದೊಡ್ಡ ಬಾರು ಸಣ್ಣ ಬೋಲ್ಟಿಗೆ ವೈರಿ

8.8 ದರ್ಜೆಯ ಎಂ6 ಬೋಲ್ಟಿನ ಕನಿಷ್ಠ ಮುರಿತದ ಟಾರ್ಕ್ 13 ನ್ಯೂಟನ್ ಮೀಟರ್, ಎಂ8ರದು 33. 60 ಸೆಂ.ಮೀ. ಬಾರಿನಲ್ಲಿ 13 ಎಂದರೆ 2.2 ಕೆ.ಜಿ. ಬಾರಿನ ಮೇಲೆ ಕೈ ಇಟ್ಟರೂ ಎಂ6 ತುಂಡಾಗಬಹುದು. 15 ಸೆಂ.ಮೀ. ಉದ್ದದ 1/4 ಇಂಚಿನ ರಾಚೆಟ್‌ನಲ್ಲಿ ಅದಕ್ಕೆ 9 ಕೆ.ಜಿ. ಬೇಕು, ಬೋಲ್ಟು ತಿರುಚುತ್ತಿರುವುದು ಕೈಗೆ ತಿಳಿಯುತ್ತದೆ. ಸಣ್ಣ ಬೋಲ್ಟು ಬರದಿದ್ದರೆ ಬಲ ಹೆಚ್ಚಿಸಬೇಡಿ, ಸಮಯ ಕೊಡಿ.

ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪುಗಾಳಿಗೂ ಮಳೆಗೂ ತುಕ್ಕು ಬೇಗ ಕೂರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಕನಿಷ್ಠ ಎರಡು ಪಟ್ಟು ಜಾಗ ಕೇಳುವುದರಿಂದ ಮರೆಯ ಸಂದು ತುಂಬಿ ನಟ್ಟು ಕಚ್ಚಿಕೊಳ್ಳುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಸಡಿಲಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡುವುದು ಮೊದಲ ಉಪಾಯ. ಬ್ರೇಕ್ ಡಿಸ್ಕಿಗೆ ಆ ಎಣ್ಣೆ ತಾಗಬಾರದು; ವೀಲ್ ಸ್ಟಡ್ಡಿಗೆ ಹಾಕಿದ್ದರೆ ಮತ್ತೆ ಬಿಗಿಯುವ ಮೊದಲು ಒರೆಸಬೇಕು. ಬಿಸಿ ಮಾಡುವ ಕೆಲಸ ಗ್ಯಾರೇಜಿಗೇ ಇರಲಿ. 12 ಮಿ.ಮೀ. ರಂಧ್ರದ ನಟ್ಟು 200 ಡಿಗ್ರಿ ಕಾದರೂ ಹಿಗ್ಗುವುದು ಸುಮಾರು 0.03 ಮಿ.ಮೀ. ಅಷ್ಟಕ್ಕಾಗಿ ಪೆಟ್ರೋಲ್ ಕೊಳವೆ, ರಬ್ಬರ್ ಬೂಟುಗಳ ಪಕ್ಕ ಬೆಂಕಿ ಹಿಡಿಯುವುದು ಅಪಾಯ.

ಖರ್ಚಿನ ಪಟ್ಟಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲೋ ಕೊಳ್ಳುವವರಿಗೆ ಅಂದಾಜು ಹೀಗಿದೆ. ಕಂಪನಿ, ಗುಣಮಟ್ಟದಂತೆ ಏರಿಳಿತವಿರುತ್ತದೆ.

- 1/2 ಇಂಚಿನ, 60 ಸೆಂ.ಮೀ. ಬ್ರೇಕರ್ ಬಾರ್: ₹1,000
- 17, 19, 21ರ ಆರು ಮೂಲೆಯ ಉದ್ದ ಸಾಕೆಟ್‌ಗಳು: ₹600
- 3/8 ಇಂಚಿನ ರಾಚೆಟ್, ಸಣ್ಣ ಸಾಕೆಟ್‌ಗಳ ಜೊತೆ: ₹1,500
- 1/2 ಇಂಚಿನ ಟಾರ್ಕ್ ರೆಂಚ್: ₹3,000
- ತುಕ್ಕು ಸಡಿಲಿಸುವ ಎಣ್ಣೆ, ತಂತಿ ಬ್ರಷ್: ₹400

ಒಟ್ಟು ₹6,500. ಮನೆಯಲ್ಲಿ ಬೇರೆ ರಿಪೇರಿ ಮಾಡದವರಿಗೆ ಬಾರು ಮತ್ತು ತಮ್ಮ ಕಾರಿಗೆ ಹೊಂದುವ ಒಂದೇ ಸಾಕೆಟ್ ಸಾಕು: ಸುಮಾರು ₹1,200. ಎರಡನ್ನೂ ಡಿಕ್ಕಿಯಲ್ಲೇ ಇಡಿ. ಟಾರ್ಕ್ ರೆಂಚ್ ಬಿಗಿಯಲು ಮಾತ್ರ. ಅದರಿಂದ ನಟ್ಟು ಬಿಚ್ಚಿದರೆ ಅಳತೆ ಕೆಡುತ್ತದೆ.

ಬಿಚ್ಚುವಾಗ ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಕಾಲು ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಮುಂದಿನ ಸಲ ಟೈರ್ ಅಂಗಡಿಗೆ ಹೋದಾಗ ಕೊನೆಯ ಬಿಗಿತವನ್ನು ಗನ್‌ನಿಂದಲ್ಲ, ಟಾರ್ಕ್ ರೆಂಚ್‌ನಿಂದ ಕೊಡಲು ಕೇಳಿ. ಮನೆಗೆ ಬಂದ ಮೇಲೆ ಡಿಕ್ಕಿಯಲ್ಲಿರುವ ಸ್ಪ್ಯಾನರಿನಿಂದ ಪ್ರತಿ ಚಕ್ರದ ಒಂದೊಂದು ನಟ್ಟನ್ನು ಬಿಚ್ಚಿ ನೋಡಿ, ಮತ್ತೆ ಸರಿಯಾದ ಟಾರ್ಕ್‌ಗೆ ಬಿಗಿಯಿರಿ. ಬಿಚ್ಚಲು ಬಾರದಿದ್ದರೆ ಅಂದೇ ಸರಿಪಡಿಸಿಕೊಳ್ಳಿ.